ಬರೀ ಮುಳ್ಳು

ನಮ್ಮ ಕಡೆ ಗಾಯವಾದರೆ ಮೊದಲು ಹೆದರುವುದು ನಂಜಿಗೆ, ಗಾಯ ಕೀವಾಗಿಸುವ ತಿನಿಸಿಗೆ. ಒಣಮೀನು ನಂಜು, ಬದನೆ ನಂಜು, ಹಲಸು ನಂಜು. ಆಲೆಟ್ಟಿಯ ನನ್ನ ಚಿಕ್ಕಮ್ಮನಿಗೆ ದನದ ಹಟ್ಟಿಯ ಗೊಬ್ಬರ ತೆಗೆಯುವಾಗ ಬರಿಗಾಲಿಗೆ ಮುಳ್ಳು ಹೊಕ್ಕಿತು. ಆಗಲೂ ಆ ಮನೆಯಲ್ಲಿ ಪಥ್ಯ ಒಂದು ಚೂರೂ ತಪ್ಪಲಿಲ್ಲ. ಒಣಮೀನಿನ ಚಟ್ನಿಯಿಲ್ಲದೆ ಗಂಜಿ ಇಳಿಯದ ಹೆಂಗಸು ಬರೀ ಉಪ್ಪು ಹಾಕಿಕೊಂಡು ಉಂಡಳು. ಗಾಯಕ್ಕೆ ಅರಸಿನ ಮೆತ್ತಿದ್ದರು.

ಸುಳ್ಯಕ್ಕೆ ಹೋಗಿ ಟಿಟಿ ಹಾಕಿಸಿ ಎಂದು ನಾನು ಫೋನಿನಲ್ಲಿ ಹೇಳಿದೆ. ಚಿಕ್ಕಪ್ಪ ನಕ್ಕರು. "ಟಿಟಿ ಹಾಕುದು ಕಬ್ಬಿಣ ತಾಗಿದ್ರೆ ಮಾರಾಯ್ತಿ. ಇದು ಬರೀ ಮುಳ್ಳು. ಮುಳ್ಳಿಗೆ ತುಕ್ಕು ಉಂಟಾ?"

ದನಗಳಿಗೆ ಲಸಿಕೆ ಹಾಕುವವರು ಬರುವ ದಿನ ಈ ಮನುಷ್ಯ ಎಲ್ಲಿಗೂ ಹೋಗುತ್ತಿರಲಿಲ್ಲ, ಖುದ್ದು ಹಗ್ಗ ಹಿಡಿದು ನಿಲ್ಲುತ್ತಿದ್ದರು. ಹೆಂಡತಿಗೆ ಒಂದು ಸೂಜಿ ಚುಚ್ಚಿಸಲು ಪುರಸೊತ್ತಾಗಲಿಲ್ಲ.

ವಾರ ಕಳೆದ ಮೇಲೆ ಚಿಕ್ಕಮ್ಮನ ದವಡೆ ಬಿಗಿಯಿತು. ಹಲ್ಲುನೋವಿರಬೇಕು ಎಂದರು. ಇನ್ನು ಸ್ವಲ್ಪ ದಿನ ಮನೆ ತಣ್ಣಗಿರ್ತದೆ ಎಂದು ಚಿಕ್ಕಪ್ಪ ತಮಾಷೆ ಬೇರೆ ಮಾಡಿದರಂತೆ. ಬೆನ್ನು ಬಿಲ್ಲಿನ ಹಾಗೆ ಬಾಗಿದಾಗ ಪುತ್ತೂರಿಗೆ ಓಡಿದರು, ಅಲ್ಲಿಂದ ಮಂಗಳೂರಿಗೆ. ಧನುರ್ವಾಯು ಎಂದರು ಡಾಕ್ಟರು. ಅದರ ರೋಗಾಣು ಇರುವುದು ಮಣ್ಣಿನಲ್ಲಿ, ಸೆಗಣಿಯಲ್ಲಿ. ಚುಚ್ಚಿದ್ದು ಕಬ್ಬಿಣವೇ ಆಗಬೇಕೆಂದಿಲ್ಲ. ಕೊನೆಯ ಸಲ ಟಿಟಿ ಹಾಕಿಸಿದ್ದು ಯಾವಾಗ ಎಂದು ಕೇಳಿದರು. ಮಗಳು ಹೊಟ್ಟೆಯಲ್ಲಿದ್ದಾಗ. ಆ ಮಗಳಿಗೇ ಈಗ ಮಕ್ಕಳಿದ್ದಾರೆ. ಬಸುರಿಯಾಗಿದ್ದಾಗ ಮಾತ್ರ ಆ ಮನೆಯಲ್ಲಿ ಅವಳಿಗೊಂದು ಸೂಜಿ ಸಿಕ್ಕಿತ್ತು, ಅದೂ ಒಳಗಿದ್ದ ಜೀವದ ದೆಸೆಯಿಂದ.

ಚಿಕ್ಕಮ್ಮ ಉಳಿಯಲಿಲ್ಲ.

ಉತ್ತರಕ್ರಿಯೆಗೆ ಚಪ್ಪರ ಹಾಕುವಾಗ ಚಿಕ್ಕಪ್ಪನ ಹೆಬ್ಬೆರಳಿಗೆ ಕಬ್ಬಿಣದ ಆಣಿ ಗೀರಿತು. ಯಾರೂ ಹೇಳಬೇಕಾಗಲಿಲ್ಲ. ಜೀಪು ಹತ್ತಿ ಸುಳ್ಯಕ್ಕೆ ಹೋಗಿ ಟಿಟಿ ಚುಚ್ಚಿಸಿಕೊಂಡು ಬಂದರು.

"ಆಣಿ ಅಲ್ವಾ," ಎಂದರು, ನನ್ನ ಮುಖ ನೋಡದೆ.

ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚುವುದು ನಮ್ಮ ಪದ್ಧತಿ. ಚಿಕ್ಕಮ್ಮನ ಎಲೆಗೆ ಒಣಮೀನಿನ ಚಟ್ನಿ ಬಿತ್ತು.

"ಇನ್ನೂ ಸ್ವಲ್ಪ ಹಾಕಿ. ಅವಳಿಗೆ ಅದು ಅಂದ್ರೆ ಜೀವ," ಎಂದರು ಚಿಕ್ಕಪ್ಪ.

"ಹಾಕಿ, ಹಾಕಿ," ಎಂದೆ ನಾನು. "ಇನ್ನು ನಂಜಾಗ್ಲಿಕ್ಕಿಲ್ಲ."