ಐವತ್ತನೇ ನಂಬರಿನ ಎಣ್ಣೆ

…ಅಥವಾ ಅದು ಚಳಿಗಾಲವೇ ಅಲ್ಲವೇನೋ. ನೆನಪನ್ನು ನಾನು ನಂಬುವುದಿಲ್ಲ. ಖಾಲಿ ಬಿದ್ದ ಜಾಗವನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಆದರೆ ಎಂಜಿನ್ ಕೆಳಗೆ ತಗಡಿನಲ್ಲಿ ಕೆಂಡ ಇಟ್ಟದ್ದು ನಿಜ. ಬೇಸಿಗೆಯಲ್ಲಿ ಯಾರಾದರೂ ಕಾರಿಗೆ ಬೆಂಕಿ ಕಾಯಿಸುತ್ತಾರೆಯೇ?

ಊರು ಸಿಂಧನೂರು. ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷವಾಗಿತ್ತು. ಜಾಗೀರದಾರರೊಬ್ಬರು ಮಾರಿದ ಹಳೆಯ ಕಾರು ಅಪ್ಪನ ಕೈಗೆ ಬಂದಿತ್ತು. ಅಕ್ಕ ತುಂಬು ಬಸುರಿ, ಕಾಲು ಬಾತಿದ್ದವು. (ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು.) ಮರುದಿನ ಲಿಂಗಸುಗೂರಿನ ದವಾಖಾನೆಗೆ ಒಯ್ಯಬೇಕು. ಎಂಜಿನ್ ಮಾತ್ರ ಟಕ್ ಟಕ್ ಅನ್ನುತ್ತಿತ್ತು.

ಅಜ್ಜಿ ಅಡ್ಡ ನಿಂತಳು. "ಕುಣಿ ತೋಡಿದಂಗ ಸಪ್ಪಳ ಮಾಡತೈತಿ. ಬಸುರಿ ಹೆಣ್ಮಗಳನ್ನ ಇದರಾಗ ಕುಂಡ್ರಸಬ್ಯಾಡ್ರಿ."

ಸತ್ತವರನ್ನು ಸುಡದೆ ಹೂಳುವ ಮನೆತನ ನಮ್ಮದು. ಆ ಸಪ್ಪಳ ಎಲ್ಲರಿಗೂ ಗೊತ್ತು.

ಅಪ್ಪ ಡ್ರೈವರ್ ಮೌಲಾಸಾಬನಿಗೆ ಹೇಳಿದ: "ಎಂಜಿನ್ನಿಗೆ ಐವತ್ತು ನಂಬರಿನ ಗಟ್ಟಿ ಎಣ್ಣಿ ಹಾಕು. ಸಪ್ಪಳ ಮುಚ್ಚತೈತಿ."

"ಈ ಥಂಡ್ಯಾಗ ಮೂವತ್ತು ಸಾಕ್ರೀ ಸಾವ್ಕಾರ್ರ. ಐವತ್ತಂದ್ರ ಜೋನಿಬೆಲ್ಲ. ಅದು ಒಳಗ ಇಳಿಯೋತನಕ ಬೇರಿಂಗ್ ಉಪಾಸ."

"ಬೇರಿಂಗ್ ಉಪಾಸ ಇರಲಿ, ಮೊದಲು ನಮ್ಮವ್ವನ ಬಾಯಿ ಮುಚ್ಚಸು!"

ಗಟ್ಟಿ ಎಣ್ಣೆಯೇ ಬಿತ್ತು. ಬೆಳಿಗ್ಗೆ ಎಂಜಿನ್ ತಿರುಗಿಸುವ ಹ್ಯಾಂಡಲ್ ಅಲುಗಲಿಲ್ಲ. ಅದಕ್ಕೇ ಆ ಕೆಂಡ. ಎಂಜಿನ್ ಶುರುವಾದಾಗ ಸದ್ದೇ ಇಲ್ಲ. ಅಜ್ಜಿ ಕೈಮುಗಿದಳು. (ಸದ್ದು ನಿಂತರೆ ಬೇನೆ ಹೋಯಿತು ಅನ್ನುವವಳು ಅವಳೊಬ್ಬಳೇ ಏನು? ದಿನಾ ಜಗಳಾಡುವ ಗಂಡ ಹೆಂಡತಿ ದಿಢೀರನೆ ಸುಮ್ಮನಾದರೆ ಪಕ್ಕದ ಮನೆಯವರು ಏನನ್ನುತ್ತಾರೆ?)

ಅಕ್ಕ ಮಲಗಬೇಕೆಂದು ಹಿಂದಿನ ಸೀಟು ಪೂರ್ತಿ ಅವಳಿಗೆ. ಮುಂದೆ ಮೌಲಾಸಾಬ, ನಾನು. ಅಪ್ಪ, ಅವ್ವ, ಅಜ್ಜಿ ಹಿಂದೆ ಬರುವ ಬಸ್ಸಿಗೆ.

ಮಸ್ಕಿಯ ಗುಡ್ಡ ದಾಟಿದ್ದೆವು. ಹಿಂದಿನಿಂದ ಚೀರಿದ ದನಿ: "ನಿಂದರಸು! ಯಾರೋ ತೋಡಾಕತ್ತಾರ!"

ಮೌಲಾಸಾಬ ಎಂಜಿನ್ ಆರಿಸಿದ. ಸುತ್ತ ಬಯಲು. ಗಾಳಿಯೂ ಇಲ್ಲ.

"ಏನೂ ಕೇಳವಲ್ದಲ್ಲ ಬೇಟಾ," ಅಂದ.

ಹಿಂದಿನಿಂದ ಮತ್ತೆ ಅದೇ ದನಿ: "ಈಗೂ ತೋಡಾಕತ್ತಾರ."

ಮತ್ತೆ ಹ್ಯಾಂಡಲ್ ಹಾಕಿದರೆ ಎಂಜಿನ್ ಕಚ್ಚಿಕೊಂಡು ಕೂತಿತ್ತು. ಹಿಂದೆ ಬಂದ ಬಸ್ಸು ಅಕ್ಕನನ್ನು ಹತ್ತಿಸಿಕೊಂಡಿತು. ಸಂಜೆಗೆ ಗಂಡು ಕೂಸು ಅತ್ತಿತು. ಎಂಜಿನ್ ಬಿಚ್ಚಿ ನೋಡಿದಾಗ ಬೇರಿಂಗ್ ಕರಗಿಹೋಗಿತ್ತು. "ಇನ್ನ ಒಂಚೂರು ಓಡಿಸಿದ್ರ ರಾಡ್ ಮುರದು, ಮಂದಿನೂ ಉಳೀತಿದ್ದಿಲ್ಲ," ಅಂದ ಮೌಲಾಸಾಬ.

ಇಷ್ಟನ್ನು ವರ್ಷಗಟ್ಟಲೆ ಹೀಗೇ ಹೇಳಿಕೊಂಡು ಬಂದಿದ್ದೇನೆ. ಅಕ್ಕನ ಕಿವಿ ನಮ್ಮನ್ನು ಉಳಿಸಿತು ಎಂದು. ಕಳೆದ ವಾರ ಅವಳು ಬಂದಿದ್ದಳು. ಊಟಕ್ಕೆ ಕೂತಾಗ ಮತ್ತೆ ಹೇಳಿದೆ. ಅವಳ ತುತ್ತು ಕೈಯಲ್ಲೇ ನಿಂತಿತು.

"ನಾ ಎಲ್ಲಿ ಚೀರಿದ್ನೋ? ನನಗ ನಿದ್ದಿ ಹತ್ತಿತ್ತು. ಆ ದನೀಗೇ ಎಚ್ಚರಾತು. ಅವ್ವ ಚೀರಿದ್ಲು ಅಂತ ತಿಳದಿದ್ದೆ."

"ಅವ್ವ ಬಸ್ನ್ಯಾಗಿದ್ಲಲ್ಲ."

ಅಕ್ಕ ನನ್ನ ಮುಖ ನೋಡಿದಳು. ಅಂದು ನಾನು ಹಿಂದಕ್ಕೆ ತಿರುಗಿ ನೋಡಿದ್ದೆನೇ? ನೋಡಿದ್ದೆ ಎಂದೇ ಇಷ್ಟು ದಿನ ನಂಬಿದ್ದೆ.

ಆ ಕಾರಿನಲ್ಲಿ ಚೀರಿದ್ದು ಯಾರು ಎಂಬುದು ನನಗೆ ಗೊತ್ತಿಲ್ಲ.