ಹೊಳೆಯ ಕಡೆಯಿಂದ ಬಂದ ‘ಓ’

ಮುಂದಿನ ಗಾಲಿ ಜಲ್ಲಿಯ ಮೇಲೆ ಜಾರಿ ಸೈಕಲ್ ಸಮೇತ ಬಿದ್ದಾಗ ನನ್ನ ಬಾಯಿಂದ ಬಂದದ್ದು ಒಂದೇ ಮಾತು: “ಯವ್ವಾ!” ಮರುಕ್ಷಣವೇ ಕೆಳಗೆ ಉಲ್ಲಾಸ ನದಿಯ ಕಡೆಯಿಂದ ಉತ್ತರ ಬಂತು: “ಓ!”

ಬೆಳಗಿನ ಜಾವ ಸಯನ್‌ನಿಂದ ಒಬ್ಬಳೇ ಹೊರಟು, ಕಲ್ಯಾಣದ ನಂತರ ನದಿಯ ಪಕ್ಕದ ದಾರಿ ಹಿಡಿದು, ಬದ್ಲಾಪುರ ದಾಟಿದ್ದೆ. ಸಂಜೆಯೊಳಗೆ ಕರ್ಜತ್ ಮುಟ್ಟಿ ಬರಬೇಕೆಂಬ ಹಟ. ಆ ಮರಾಠಿ ಸೀಮೆಯಲ್ಲಿ ನನ್ನ ಕನ್ನಡದ ಕೂಗಿಗೆ ಓಗೊಡುವವರು ಯಾರು ಎಂದು ನಾನು ಬಿದ್ದಲ್ಲೇ ಬೆರಗಾದೆ.

ಬಟ್ಟೆ ಒಗೆಯುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಕೈತುಂಬ ಸೋಪಿನ ನೊರೆಯೊಂದಿಗೆ ದಡ ಹತ್ತಿ ಓಡಿ ಬಂದರು. ನನ್ನ ಮುಖ ನೋಡಿ ತಬ್ಬಿಬ್ಬಾದರು. “ನನ್ನ ಮಗಳು ಕರದ್ಲು ಅಂತ ಮಾಡಿದ್ದೆ,” ಎಂದರು. ವಿಜಯಪುರದ ಕಡೆಯವರು, ಮಗಳ ಜೊತೆ ಬಿಲ್ಡಿಂಗ್ ಕೆಲಸಕ್ಕೆ ಬಂದವರಂತೆ.

ತಪ್ಪು ತಿಳಿದ ಮೇಲೂ ಅವರು ತಿರುಗಿ ಹೋಗಲಿಲ್ಲ. ಪಕ್ಕದಲ್ಲೇ ಕೂತು, ಒದ್ದೆ ಸೆರಗಿನಿಂದ ನನ್ನ ಮೊಣಕಾಲಿನ ರಕ್ತ ಒರೆಸುತ್ತಾ ಬೈದರು: “ಇಷ್ಟ್ ದೊಡ್ಡಾಕಿ ಆಗಿ ಸೈಕಲ್ ಮ್ಯಾಲಿಂದ ಬೀಳ್ತಾರೇನ್ ತಂಗಿ?”

ನನ್ನ ಅವ್ವ ತೀರಿಹೋಗಿ ಎರಡು ವರ್ಷವಾಯಿತು. ಮರಾಠಿ ಗಂಡ, ಹಿಂದಿ ಮಾತಾಡುವ ಮಗಳ ನಡುವೆ ಆ ಕರೆ ನನ್ನ ಬಾಯಿಂದಲೇ ಬಿಟ್ಟುಹೋಗಿತ್ತು. ಅವರು ಬಟ್ಟೆ ಒಗೆಯಲು ಹೊಳೆಗಿಳಿದ ಮೇಲೆ, ಮತ್ತೆ ಸೈಕಲ್ ಹತ್ತಿ ತಿರುವಿನವರೆಗೆ ಹೋದವಳು, ಈ ಸಲ ಬೀಳದೆಯೇ ಕೂಗಿದೆ: “ಯವ್ವಾ!” ಬಟ್ಟೆ ಬಡಿಯುವ ಸದ್ದು ನಿಂತಿತು.

“ಓ! ನೋಡ್ಕೊಂಡ್ ಹೋಗವ್ವಾ!”