ಗೋಲ್ ಕಂಬದ ಹಿಂದಿನ ಸದ್ದು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಕಡಲಿನಲ್ಲಿ ಯಾರೋ ಹೆಸರು ಹಿಡಿದು ಕರೆದರು ಎಂದು ದೋಣಿಯವರು ಹೇಳಿದರೆ, "ಅದ್ ಗಾಳಿ ಮಾರಾಯ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನಾನು ಯಂತ್ರ ರಿಪೇರಿ ಮಾಡುವವ. ಸದ್ದು ಬಂತೆಂದರೆ ಬೇರಿಂಗೋ ಬೆಲ್ಟೋ ಯಾವುದೋ ಒಂದು ಸವೆದಿದೆ, ಅಷ್ಟೇ. ಈಗ ಬರೆಯುತ್ತಿರುವುದು ನನಗೇ ಆದದ್ದು. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ.

ಆಗ ನಾನು ಕೋಟೇಶ್ವರದ ಹತ್ತಿರ ಒಂದು ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ನನ್ನ ಅಕ್ಕನ ಗಂಡ ಗೋವಾದ ಬೋಟಿನಲ್ಲಿ ದುಡಿಯುತ್ತಿದ್ದ. ಅವರ ಮಗ ಸುಧೀರ ಅಲ್ಲೇ ಬೆಳೆದು, ಫುಟ್‌ಬಾಲ್ ಕಲಿತು, ಹದಿನಾರನೇ ವಯಸ್ಸಿಗೆ ದೇಶದ ಕಿರಿಯರ ತಂಡದ ಗೋಲ್‌ಕೀಪರ್ ಆಗಿದ್ದ. ಆ ವರ್ಷ ಮಲೇಷ್ಯಾದಲ್ಲಿ ಕೆಲವು ದೇಶಗಳ ಹುಡುಗರ ತಂಡಗಳನ್ನು ಕರೆಸಿ ಪಂದ್ಯಾವಳಿ ನಡೆಸಿದರು. ಸುಧೀರನ ಮೊದಲ ಪಂದ್ಯ ಟಿವಿಯಲ್ಲಿ ಬರುವುದಿತ್ತು. ಅದೊಂದು ಭಾನುವಾರ ಮಧ್ಯಾಹ್ನ.

ಕೆಲಸದವರೆಲ್ಲ ಪೇಟೆಯ ಹೋಟೆಲಿನ ಟಿವಿ ಮುಂದೆ ಕೂರಲು ಹೊರಟರು. ಲೋಡ್ ಮಾಡುವ ಶೇಷ ಮಾತ್ರ ಬಾಗಿಲಲ್ಲಿ ನಿಂತು, "ನಿಮ್ಮ್ ಅಳಿಯನ ಆಟ, ನೀವೇ ಬಪ್ಪುದಿಲ್ಯಾ?" ಎಂದ. ಕಂಪ್ರೆಸರ್ ಬಿಟ್ಟು ಬರುವ ಹಾಗಿರಲಿಲ್ಲ. "ನೀ ಹೋಯಿ ಕಂಡ್ಕಂಡ್ ಬಾ. ಬಂದ್ ಹೇಳ್" ಎಂದೆ.

ಅವರು ಹೋದ ಸ್ವಲ್ಪ ಹೊತ್ತಿಗೆ ಸಿಗಡಿ ಪೆಟ್ಟಿಗೆಗಳನ್ನು ಮಂಜುಗಟ್ಟಿಸಿಡುವ ಕೋಣೆಯಲ್ಲಿ ಫ್ಯಾನು ಕಿರುಗುಟ್ಟಿದಂತಾಯಿತು. ಒಂದೇ ನಿಮಿಷದ ಕೆಲಸವೆಂದು ಅರ್ಧ ತೋಳಿನ ಅಂಗಿಯಲ್ಲೇ ಒಳಗೆ ಹೋದೆ. ಹಿಂದಿನಿಂದ ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡಿತು. ಒಳಗಿನ ಹಿಡಿ ಮುರಿದು ಎರಡು ತಿಂಗಳಾಗಿತ್ತು. ಅದನ್ನು ಸರಿಮಾಡಬೇಕಾದವನು ನಾನೇ. ಇವತ್ತು ನಾಳೆ ಎಂದು ತಳ್ಳುತ್ತ ಬಂದಿದ್ದೆ.

ಮೊದಲು ನಗು ಬಂತು. ಆಮೇಲೆ ಕೂಗಿದೆ. ಒಂದಡಿ ದಪ್ಪದ ಗೋಡೆ, ಹೊರಗೆ ಕಂಪ್ರೆಸರಿನ ಗದ್ದಲ. ನನ್ನ ಕೂಗು ನನಗೇ ಮಂದವಾಗಿ ಕೇಳುತ್ತಿತ್ತು. ಪೆಟ್ಟಿಗೆ ಎಳೆಯುವ ಕಬ್ಬಿಣದ ಕೊಕ್ಕೆ ಸಿಕ್ಕಿತು. ಅದರಿಂದ ಬಾಗಿಲಿನ ಪಟ್ಟಿಗೆ ಬಡಿಯತೊಡಗಿದೆ. ಪಂದ್ಯ ಮುಗಿಯದೆ ಯಾರೂ ಬರುವುದಿಲ್ಲ, ಅಷ್ಟರಲ್ಲಿ ನಾನು ಇರುವುದಿಲ್ಲ ಎಂಬುದು ನಿಧಾನಕ್ಕೆ ಅರ್ಥವಾಯಿತು. ಬೆರಳುಗಳು ನನ್ನವಲ್ಲ ಅನ್ನಿಸಿತು. ಮೀಸೆಯ ಮೇಲೆ ಉಸಿರು ಗಟ್ಟಿಯಾಯಿತು. ಹೆಂಡತಿ ಮಕ್ಕಳ ನೆನಪು ಬರಬೇಕಿತ್ತು, ಬರಲಿಲ್ಲ. ನಿಜ ಹೇಳುತ್ತೇನೆ, ಕಣ್ಣಿಗೆ ಕಟ್ಟಿದ್ದು ಸುಧೀರ, ದೊಡ್ಡ ಕೈಗವಸು ಹಾಕಿಕೊಂಡು ಬೆನ್ನು ತೋರಿಸಿ ನಿಂತವನು. ಅವನನ್ನೇ ಕರೆಯುತ್ತ ಬಡಿದೆ. ಕೊಕ್ಕೆ ಕೈಯಿಂದ ಜಾರಿ ಬಿತ್ತು. ಬಗ್ಗಿ ತೆಗೆಯಲು ಆಗಲಿಲ್ಲ. ಗೋಡೆಗೆ ಒರಗಿ ಕುಳಿತೆ. ನಿದ್ದೆ ಬರುವಂತಿತ್ತು.

ನಾನು ಹೊರಗೆಲ್ಲೂ ಕಾಣದೆ ಹುಡುಕುತ್ತ ಬಂದು ಬಾಗಿಲು ತೆರೆದದ್ದು ಶೇಷ. ನನ್ನನ್ನು ಎಳೆದುಕೊಂಡು ಹೋಗಿ ಬಿಸಿಲಿನಲ್ಲಿ ಮಲಗಿಸಿ, ಗೋಣಿಯಿಂದ ಕೈಕಾಲು ತಿಕ್ಕಿದ. ಮಾತು ಬಂದ ಮೇಲೆ, ಆಟ ಬಿಟ್ಟು ಯಾಕೆ ಬಂದೆ ಎಂದು ಕೇಳಿದೆ.

"ಎಂತ ಕಾಂಬುದ್? ಚೆಂಡ್ ಬಪ್ಪ ಹೊತ್ತಿಗೆ ನಿಮ್ಮ್ ಅಳಿಯ ಹಿಂದ್ ತಿರ್ಗಿ ನಿಂತ. ಗೋಲ್ ಆಯ್ತ್. ಎಲ್ಲರೂ ಬೈಯ್ಯುಕ್ ಶುರು ಮಾಡ್ರ್. ನಂಗ್ ಕೂಕಂಬುಕ್ ಆಯ್ಲಿಲ್ಲ, ಎದ್ದ್ ಬಂದೆ."

ಮುರಿದ ಹಿಡಿಯ ವಿಷಯ ಮಾಲೀಕರಿಗೆ ತಿಳಿದರೆ ಕೆಲಸ ಹೋಗುತ್ತಿತ್ತು. ಯಾರಿಗೂ ಹೇಳಬೇಡ ಎಂದು ಶೇಷನ ಕೈ ಹಿಡಿದೆ. ಅವನು ಹೇಳಲಿಲ್ಲ. ಮನೆಯಲ್ಲಿ ಜ್ವರ ಎಂದು ಎರಡು ದಿನ ಮಲಗಿದೆ. ಹಿಡಿಯನ್ನು ಮಾತ್ರ ಮೂರನೇ ದಿನವೇ ಹೊಸದು ಹಾಕಿದೆ.

ಆ ಒಂದು ಗೋಲಿನಿಂದ ತಂಡ ಸೋತಿತು. ಉಳಿದ ಪಂದ್ಯಗಳಲ್ಲಿ ಸುಧೀರನನ್ನು ಹೊರಗೆ ಕೂರಿಸಿದರು. ಮತ್ತೆ ಅವನಿಗೆ ಕರೆ ಬರಲಿಲ್ಲ. ತಿಂಗಳ ನಂತರ ಊರಿಗೆ ಬಂದವನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಒಂದು ಸಂಜೆ ಕೋಡಿಯ ಕಡಲ ದಂಡೆಯಲ್ಲಿ ನನ್ನ ಪಕ್ಕ ಕುಳಿತು ತಾನಾಗಿಯೇ ಹೇಳಿದ.

"ಮಾವ, ಆ ದಿನ ಹಿಂದಿನ್ ಗೋಲ್ ಕಂಬಕ್ಕೆ ಯಾರೋ ಕಬ್ಬಿಣದಲ್ಲಿ ಬಡೂಕ್ ಹಿಡ್ದಿದ್ರ್. ಸುಮಾರ್ ಹೊತ್ತ್ ತಡ್ಕಂಡೆ. ಕಡಿಗೆ ತಿರ್ಗಿ ಕಂಡೆ. ಯಾರೂ ಇರ್ಲಿಲ್ಲ. ಗೋಲ್ ಹೋದ್ದೇ ಸದ್ದೂ ನಿಂತಿತ್."

ಪ್ರೇಕ್ಷಕರು ಡೋಲು ಬಡಿದಿರಬಹುದು, ತಗಡು ಬಡಿದಿರಬಹುದು ಎಂದು ಅವನಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಯಂತ್ರ ಬಿಚ್ಚಿದಂತೆ ಆ ಮಧ್ಯಾಹ್ನವನ್ನು ಎಷ್ಟೋ ಸಲ ಬಿಚ್ಚಿ ಜೋಡಿಸಿ ನೋಡಿದ್ದೇನೆ. ಒಂದು ತುಂಡು ಯಾವಾಗಲೂ ಹೊರಗೆ ಉಳಿಯುತ್ತದೆ.

ಎಲ್ಲವನ್ನೂ ಅವನಿಗೆ ಹೇಳಿದ್ದು ವರ್ಷಗಳ ನಂತರ, ಅವನ ಮದುವೆಯ ಹಿಂದಿನ ದಿನ. ಅಷ್ಟರಲ್ಲಿ ಮುಂಬೈಗೆ ಹೋಗಿದ್ದ ಶೇಷ ಅಲ್ಲೇ ತೀರಿಕೊಂಡಿದ್ದ. ನನಗಿದ್ದ ಸಾಕ್ಷಿ ಅವನೊಬ್ಬನೇ. ಸುಧೀರ ಪೂರ್ತಿ ಕೇಳಿದ. ನಂತರ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ಮಗುವಿಗೆ ಹೇಳುವಂತೆ ಮೆತ್ತಗೆ ಹೇಳಿದ:

"ಮಾವ, ನಂಗ್ ಈಗ ಬೇಜಾರ್ ಇಲ್ಲ. ನನ್ನ್ ಸಮಾಧಾನಕ್ಕೆ ಹೀಂಗೆಲ್ಲ ಕಥಿ ಕಟ್ಬೇಡಿ."